ಜಲಧಿಗಂಭೀರನ ಹೆಸರಿನಲ್ಲಿ ಬಂದ ಪತ್ರ

ಇದು ನಡೆದದ್ದು ದೇವರಸ ದೊರೆ ಪಟ್ಟಕ್ಕೆ ಬಂದ ಒಂಬತ್ತನೆಯ ವರ್ಷ, ಶ್ರಾವಣದ ಎರಡನೆಯ ವಾರ. ಬುಧವಾರ ಬೆಳಿಗ್ಗೆ ಊರೂರಲ್ಲೂ ಡಂಗುರ ಹೊಡೆದರು.

"ಕೇಳ್ರಪ್ಪೋ ಕೇಳಿ. ಕೆರೆಯ ತೂಬು ಎತ್ತಿದ ದಿನ ಕೆಳದಂಡೆಗೆ ಮಿಂಚಂಚೆ ತಲುಪಲಿಲ್ಲ. ನೀರು ನುಗ್ಗಿ ಹನ್ನೊಂದು ಜನ ಸತ್ತರು. ಅಂಚೆಮನೆಯ ತಿರುಮಲಯ್ಯನಿಗೆ ಶುಕ್ರವಾರ ಗಲ್ಲು. ಅದಕ್ಕೆ ಮೊದಲು ರಾಜಕುಮಾರಿ ಗೌರಾಂಬೆಯವರು ಮೂರು ಒಗಟು ಒಡ್ಡುತ್ತಾರೆ. ಮೂರನ್ನೂ ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ. ಒಂದು ತಪ್ಪಿದರೂ ತಿರುಮಲಯ್ಯನ ಜೊತೆ ಅವರಿಗೂ ಗಲ್ಲು."

ಆ ರಾಜ್ಯದಲ್ಲಿ ಮಿಂಚಂಚೆಯ ಪತ್ರಗಳನ್ನು ಮನುಷ್ಯರು ಬರೆಯುತ್ತಿರಲಿಲ್ಲ. ಕಂದಾಯ ಕಟ್ಟಿದರೆ ರಸೀದಿ, ತೂಬು ಎತ್ತುವ ಮುಂಚೆ ಎಚ್ಚರಿಕೆ, ಎಲ್ಲವನ್ನೂ ಅರಮನೆಯ ಕಂಪ್ಯೂಟರು ತಾನೇ ಬರೆದು ಅಂಚೆಮನೆಗೆ ಒಪ್ಪಿಸುತ್ತಿತ್ತು. ಅಂಚೆಮನೆ ಅದನ್ನು ಆಯಾ ಊರಿನ ಫೋನಿಗೆ ಮುಟ್ಟಿಸುತ್ತಿತ್ತು.

ಕೆಳದಂಡೆಯ ಫೋನು ಇದ್ದದ್ದು ಅಂಬಿಗ ಜುಂಜನ ಬಳಿ. ಪತ್ರ ಬಂದರೆ ತಮಟೆ ಬಡಿದು ಜನರನ್ನು ದಿಬ್ಬ ಹತ್ತಿಸುವುದು ಅವನ ಕೆಲಸ. ಆ ದಿನ ಅವನು ಬಡಿಯಲಿಲ್ಲ. ಸತ್ತವರಲ್ಲಿ ಅವನ ಅಕ್ಕನೂ ಒಬ್ಬಳು. ನೀರು ಇಳಿದ ಮೇಲೆ ಫೋನು ತಡಕಾಡುತ್ತಾ ಅವನು ಒಂದು ಸಂಗತಿ ಕಂಡುಕೊಂಡಿದ್ದ. ಹೇಳಿದರೆ ಊರು ತನ್ನನ್ನು ಬಿಡುವುದಿಲ್ಲ. ಹೇಳದಿದ್ದರೆ ತಿರುಮಲಯ್ಯ ಸಾಯುತ್ತಾನೆ. ಡಂಗುರ ಮುಗಿದ ಮೇಲೂ ಬಹಳ ಹೊತ್ತು ಅವನು ಹರಿಗೋಲಿನ ಪಕ್ಕದಲ್ಲೇ ಕೂತಿದ್ದ. ಆಮೇಲೆ ಎದ್ದು ಹುಟ್ಟು ಕೈಗೆ ತೆಗೆದುಕೊಂಡ.

ಗುರುವಾರ ಅರಮನೆಯ ಬಾಗಿಲಲ್ಲಿ ಕಾವಲುಗಾರ ಅವನ ಒದ್ದೆ ಪಂಚೆ ನೋಡಿ ನಕ್ಕ. "ಏನಪ್ಪ ಅಂಬಿಗ, ಹರಿಗೋಲು ಕಟ್ಟಿ ಬಂದೆಯಾ?"

"ಕಟ್ಟಿದ್ದೀನಿ ಬುದ್ಧಿ. ವಾಪಸ್ ಹೋಗೋಕೆ ಬೇಕಲ್ಲ."

ಒಳಗೆ ಮೂಲೆಯಲ್ಲಿ ತಿರುಮಲಯ್ಯ ಬೇಡಿ ತೊಟ್ಟು ನಿಂತಿದ್ದ. ಅವನ ಹಿಂದೆ ಮೊದಲ ಒಗಟಿಗೇ ಸೋತ ನಾಲ್ವರು. ದೊರೆಯ ಕೈಯಲ್ಲಿ ಒಂದು ಲಕೋಟೆ ಇತ್ತು. ಮೂರೂ ಉತ್ತರಗಳನ್ನು ಗೌರಾಂಬೆ ಮುಂಚೆಯೇ ಬರೆದು, ಅರಗಿನ ಮುದ್ರೆ ಒತ್ತಿ, ತಂದೆಯ ಕೈಗೇ ಕೊಟ್ಟಿದ್ದಳು.

ದಿವಾನರ ಅಳಿಯನ ಸರದಿ ನಡೆದಿತ್ತು. ರಾಜಕುಮಾರಿ ಅದೇ ಮೊದಲ ಒಗಟನ್ನು ಹೇಳಿದಳು. "ಮುಟ್ಟಿಸಿದೆ ಎಂದು ಒಬ್ಬ ಆಣೆ ಇಡುತ್ತಾನೆ. ಕಾಣಲಿಲ್ಲ ಎಂದು ಇನ್ನೊಬ್ಬ ಆಣೆ ಇಡುತ್ತಾನೆ. ಇಬ್ಬರೂ ಸುಳ್ಳಾಡಿಲ್ಲ. ಪತ್ರ ಎಲ್ಲಿದೆ?"

"ದಾರಿಯಲ್ಲಿ ಯಾರೋ ಕದ್ದಿದ್ದಾರೆ" ಎಂದ ಅಳಿಯ.

"ಕದ್ದಿದ್ದರೆ ಮುಟ್ಟಿಸಿದವನ ಆಣೆ ಸುಳ್ಳಾಗುತ್ತದೆ." ಭಟರು ಅವನನ್ನು ಮೂಲೆಗೆ ಒಯ್ದರು. ಸೋತವರು ಐವರಾದರು.

ಜುಂಜ ಮುಂದೆ ಬಂದ. ಸಭೆಯ ಹಿಂದುಗಡೆ ಅವನ ಊರಿನವರೂ ನಿಂತಿದ್ದರು. ಅವನು ಆ ಕಡೆ ನೋಡಲಿಲ್ಲ.

"ಪತ್ರ ನನ್ನ ಫೋನಲ್ಲೇ ಇತ್ತು ಅಮ್ಮಣ್ಣಿ. ಕಸದ ಪತ್ರ ಬೀಳೋ ಪೆಟ್ಟಿಗೆ ಒಂದಿರುತ್ತಲ್ಲ, ಅದರೊಳಗೆ. ಲಾಟರಿ ಬಂತು, ಸಾಲ ಕೊಡ್ತೀವಿ ಅನ್ನೋವರ ಪತ್ರಗಳ ಮಧ್ಯೆ. ತಿರುಮಲಯ್ಯನೋರು ಮುಟ್ಟಿಸಿದ್ದು ನಿಜ. ನಾನು ಕಾಣದೆ ಇದ್ದದ್ದೂ ನಿಜ."

ಹಿಂದಿನಿಂದ ಒಬ್ಬ ಹೆಂಗಸಿನ ದನಿ ಬಂತು. "ನಿನ್ನ ಹತ್ರಾನೇ ಇತ್ತೇನೋ ಜುಂಜ?"



ಗೌರಾಂಬೆ ಎರಡನೆಯದನ್ನು ಹೇಳಿದಳು. "ಎಂಟು ವರ್ಷ ಒಬ್ಬ ಅತಿಥಿ ಅದೇ ದಾರಿಯಲ್ಲಿ ಬರುತ್ತಿದ್ದ. ಅದೇ ಮಾತು ಹೇಳುತ್ತಿದ್ದ. ಮನೆಯವರು ಒಳಗೆ ಕರೆಯುತ್ತಿದ್ದರು. ಒಂದು ದಿನ ಅವನನ್ನು ಕಳ್ಳನೆಂದು ತಿಳಿದು ಹಿತ್ತಲಿಗೆ ಅಟ್ಟಿದರು. ಅವನು ಏನನ್ನು ಬದಲಿಸಿದ್ದ?"

ಜುಂಜ ದೊರೆಯನ್ನೂ ನೋಡಲಿಲ್ಲ.

"ಹೆಸರು. ಮೊದಲೆಲ್ಲ ಪತ್ರ ದೇವರಸರ ಹೆಸರಲ್ಲಿ ಬರ್ತಿತ್ತು. ಆಷಾಢದಲ್ಲಿ ಬುದ್ಧಿಯೋರು ಜಲಧಿಗಂಭೀರ ಅಂತ ಬಿರುದು ತಗೊಂಡ್ರು. ಅವತ್ತಿಂದ ಆ ಹೆಸರಲ್ಲಿ ಬಂತು. ಯಾವ ಹೆಸರಲ್ಲಿ ಪತ್ರ ಕಳಿಸೋಕೆ ಯಾವ ಅಂಚೆಮನೆಗೆ ಅಪ್ಪಣೆ ಇದೆ ಅಂತ ಒಂದು ಪಟ್ಟಿ ಇದೆಯಂತೆ. ಫೋನು ಅದನ್ನ ನೋಡುತ್ತೆ. ಹೊಸ ಹೆಸರು ಪಟ್ಟೀಲಿ ಇರಲಿಲ್ಲ. ಮೋಸದ ಪತ್ರ ಅಂತ ಕಸಕ್ಕೆ ಹಾಕ್ತು."

ದೊರೆ ತಿರುಮಲಯ್ಯನ ಕಡೆ ತಿರುಗಿದ. "ನೀನು ನನಗೆ ಹೇಳಿದ್ದೆಯಾ?"

"ಹೆಸರು ಪಟ್ಟಿಗೆ ಸೇರಲು ಎರಡು ದಿನ ಬೇಕು ಎಂದಿದ್ದೆ, ಮಹಾಸ್ವಾಮಿ."

"ನಾನೇನು ಹೇಳಿದೆ?"

ತಿರುಮಲಯ್ಯ ನೆಲ ನೋಡಿದ. ಗೌರಾಂಬೆ ಹೇಳಿದಳು: "ನನ್ನ ಹೆಸರಿಗೆ ಯಾರ ಅಪ್ಪಣೆ ಬೇಕು ಎಂದಿರಿ, ಅಪ್ಪಾಜಿ. ನಾನು ಪಕ್ಕದಲ್ಲೇ ಇದ್ದೆ." ಆಮೇಲೆ ಅವಳು ಮೂರನೆಯದನ್ನು ಕೇಳಿದಳು. "ದಿನಕ್ಕೆ ಸಾವಿರ ಜನರೊಡನೆ ಮಾತಾಡುತ್ತಾನೆ. ಯಾರ ಮಾತನ್ನೂ ಕೇಳಿಸಿಕೊಳ್ಳುವುದಿಲ್ಲ. ಹೆಸರಿದೆ, ವಿಳಾಸವಿದೆ, ಮನೆಯೊಳಗೆ ಮಾತ್ರ ಯಾರೂ ಇಲ್ಲ. ಯಾರವನು?"

"ಅರಮನೆಯ ಪತ್ರ ಕಳಿಸೋ ವಿಳಾಸ" ಎಂದ ಜುಂಜ. "ಪ್ರತಿ ಪತ್ರದ ಕೆಳಗೂ 'ಇದಕ್ಕೆ ಉತ್ತರಿಸಬೇಡಿ' ಅಂತ ಇರುತ್ತೆ. ಬಿರುದಿನ ಹಬ್ಬ ಆದ ಮೇಲೆ ತೂಬಿನ ಪತ್ರ ಕಾಣ್ತಿಲ್ಲ, ನೀರು ಮಾತ್ರ ಬರ್ತಿದೆ ಅಂತ ನಾನು ಹಳೇ ಪತ್ರಕ್ಕೇ ಉತ್ತರ ಬರೆದೆ. ಬೇಡ ಅಂದಿದ್ರೂ ಬರೆದೆ. ನನಗೆ ಗೊತ್ತಿದ್ದ ವಿಳಾಸ ಅದೊಂದೇ."

ದೊರೆ ಮುದ್ರೆ ಒಡೆದು ಓದಿದ. ಎರಡು ಸಲ ಓದಿದ. ಕಾಗದವನ್ನು ಮಡಚಿ ತೊಡೆಯ ಮೇಲೆ ಇಟ್ಟುಕೊಂಡ.

"ಮೂರೂ ಸರಿ. ಏನು ಬೇಕು ಕೇಳು. ಅರ್ಧ ರಾಜ್ಯ ಕೇಳಿದರೂ ಕೊಡುತ್ತೇನೆ."

"ತಿರುಮಲಯ್ಯನೋರ ಬೇಡಿ ಬಿಚ್ಚಿಸಿ ಬುದ್ಧಿ. ಆ ಐವರದ್ದೂ. ಆಮೇಲೆ ಆ ವಿಳಾಸದ ಪೆಟ್ಟಿಗೆ ತೆಗೆಸಿ, ಇವತ್ತೇ, ನಮ್ಮೂರೋರ ಎದುರಿಗೆ. ದಿನಾ ಓದೋಕೆ ಒಬ್ಬರನ್ನ ಕೂರಿಸಿ."

"ನಿನಗೆ?"

"ಇಷ್ಟೇ ಬುದ್ಧಿ."

ಬೇಡಿ ಬಿಚ್ಚಿದರು. ತಿರುಮಲಯ್ಯ ಮಣಿಕಟ್ಟು ತಿಕ್ಕಿಕೊಳ್ಳುತ್ತಾ ಕಂಪ್ಯೂಟರಿನ ಮುಂದೆ ಕೂತು ಪೆಟ್ಟಿಗೆ ತೆರೆದ. ಎಂಟು ವರ್ಷದಲ್ಲಿ ಅದನ್ನು ಯಾರೂ ತೆರೆದಿರಲಿಲ್ಲ. ಕೆಳದಂಡೆಯವರು ಅವನ ಬೆನ್ನ ಹಿಂದೆ ಬಂದು ನಿಂತರು. ಜುಂಜ ಅವರಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಿಂತ. ಸಂಜೆಯವರೆಗೆ ಎಣಿಸಿದರು.

ಓದದೆ ಉಳಿದ ಪತ್ರಗಳು ನಾಲ್ಕು ಸಾವಿರದ ಇನ್ನೂರ ಹದಿನೇಳು. ಜುಂಜ ಬರೆದವು ಮೂರು.