ಸ್ಲೀಪಿಂಗ್ ಬ್ಯಾಗಿನ ಬಿಸಿ

ಬೆಟ್ಟದ ಮೇಲಿನ ಡೇರೆಯಲ್ಲಿ ಬಾಯಿ ತೆರೆದು ಬಿದ್ದಿದ್ದ ಸ್ಲೀಪಿಂಗ್ ಬ್ಯಾಗಿಗೆ ಜಂಭವೋ ಜಂಭ. "ನನ್ನೊಳಗೆ ಹೊಕ್ಕರೆ ಹಿಮಾಲಯಕ್ಕೂ ಬೆವರು ಕಿತ್ತುಬರುತ್ತದೆ!"

ಚಳಿಗೆ ಮರಗಟ್ಟಿದ್ದ ಹಾವೊಂದು ಆ ಮಾತು ನಂಬಿ ಒಳಗೆ ಸುರುಳಿ ಸುತ್ತಿತು. ಸಂಜೆಯಾದರೂ ಮೈ ಬಿಸಿಯಾಗಲಿಲ್ಲ.

"ಎಲ್ಲಯ್ಯಾ ಬೆವರು? ಹೀಗೇ ಆದರೆ ಬೆಳಗಾಗುವಷ್ಟರಲ್ಲಿ ಸತ್ತೇಹೋಗುತ್ತೇನೆ."

ಬ್ಯಾಗು ತಡಬಡಿಸಿತು. ಬಿಸಿಯನ್ನು ಹಿಡಿದಿಡುವುದು ಅದಕ್ಕೆ ಗೊತ್ತಿತ್ತು, ಹುಟ್ಟಿಸುವುದು ಗೊತ್ತಿರಲಿಲ್ಲ. ಹಾಗೆಂದು ಒಪ್ಪಿಕೊಂಡರೆ ಮಾನ ಹೋಗುತ್ತದಲ್ಲ! ಹೊರಗೆ ನಡುಗುತ್ತಿದ್ದ ಇಲಿಯನ್ನು ಕಂಡು, "ಬಾ ತಂಗೀ, ಜಾಗ ಬೇಕಾದಷ್ಟಿದೆ," ಎಂದು ಕರೆಯಿತು.

"ಒಳಗೆ ಯಾರೂ ಇಲ್ಲ ತಾನೇ, ಅಣ್ಣಾ?"

"ಬೆಚ್ಚಗಿರುವವರು ಯಾರೂ ಇಲ್ಲ."

ಇಲಿ ಒಳಹೊಕ್ಕಿತು. ಬ್ಯಾಗು ಒಮ್ಮೆ ಅದುರಿ ಸುಮ್ಮನಾಯಿತು. ಒಳಗೆ ಮೆಲ್ಲಗೆ ಬಿಸಿ ಹರಡಿತು.

"ನಾನು ಹೇಳಿರಲಿಲ್ಲವೇ!" ಎಂದು ಬ್ಯಾಗು ಬೀಗಿತು.

"ಹೇಳಿದ್ದೆ," ಎಂದಿತು ಹಾವು. "ಆದರೆ ಇದು ಬೆಳಗಿನತನಕ ಸಾಲದು. ಇನ್ನೊಬ್ಬರನ್ನು ಕರೆ."