ಖಾನನ ಮಗಳ ಮದುವೆಗೆ ಕಟ್ಟಿದ ಜೇನುಗುಡ್ಡ

ಕುದುರೆ ಮಾರೋರು ನಮ್ಮಜ್ಜಿಗೆ ಹೇಳಿದ ಕತೆ ಕಣೇ ಪುಟ್ಟಿ, ಹೊದ್ದುಕೊಂಡು ಕೇಳು. ಒಂದಾನೊಂದು ಕಾಲದಲ್ಲಿ, ಎಲ್ಲೋ ಉತ್ತರದಾಚೆ, ಕಣ್ಣು ಹರಿಯೋವರೆಗೂ ಹುಲ್ಲೇ ಇರೋ ಸೀಮೇಲಿ ಮಿನ್ಸುಲು ಅಂತ ಒಬ್ಬ ಹುಡುಗಿ ಇದ್ದಳಂತೆ. ಅವಳಿಗಿಬ್ಬರು ಅಣ್ಣಂದಿರು, ಮೂವರೂ ಅಡುಗೆ ಕೆಲಸದೋರೇ. ಆ ಸೀಮೆಗೊಬ್ಬ ಖಾನ, ಅಂದ್ರೆ ರಾಜ. ಅವನು ಕೆಮ್ಮಿದರೂ ಜನ ಬಾಗಿಲು ಹಾಕ್ಕೋತಿದ್ದರಂತೆ.

ಅವನ ಮಗಳು ಗೌಹರ್‌ಗೆ ಮದುವೆ ಗೊತ್ತಾಯ್ತಂತೆ. ಅಲ್ಲಿ ಮದುವೆ ಅಂದ್ರೆ ಚಕ್‌ಚಕ್ ಇರಲೇಬೇಕು. ಮೊಟ್ಟೆ ಹಾಕಿ ಹಿಟ್ಟು ಕಲಸಿ, ಕಡಲೆಕಾಳಿನಷ್ಟು ತುಂಡು ಮಾಡಿ ಕರಿದು, ಕಾಯಿಸಿದ ಜೇನು ಸುರಿದು ಗುಡ್ಡದ ಹಂಗೆ ಕಟ್ಟೋದು. ಖಾನನಿಗೆ ಯಾರಾದರೂ ವಿಷ ಹಾಕಿಯಾರು ಅಂತ ಭಯ. ಅದಕ್ಕೇ ದೊಡ್ಡಣ್ಣನ್ನ ಒಬ್ಬನ್ನೇ ಅಡುಗೆಮನೇಲಿ ಕೂಡಿಹಾಕಿ, ಹೊರಗಿಂದ ಚಿಲಕ ಹಾಕಿಸಿದನಂತೆ. ಅವನು ಗಾಬರೀಲಿ ಜೇನನ್ನ ಸಾಕಷ್ಟು ಕಾಯಿಸದೆ ಗುಡ್ಡ ಜಾರಿಹೋಯ್ತಂತೆ, ಅವನನ್ನ ನೆಲಮಾಳಿಗೆಗೆ ತಳ್ಳಿದರಂತೆ. ಆಮೇಲೆ ಚಿಕ್ಕಣ್ಣ ಬಂದು, ಹೆದರಿ ಹೆದರಿ ಅತಿಯಾಗಿ ಕಾಯಿಸಿ, ಗುಡ್ಡ ಕಲ್ಲಾಗಿ, ಖಾನನ ತಾಯಿ ಹಲ್ಲೇ ಮುರೀತಂತೆ. ನಗಬೇಡ್ವೇ, ಅವನನ್ನೂ ನೆಲಮಾಳಿಗೆಗೆ ಹಾಕಿದರು. ಇನ್ನು ತಂಗಿಯದೂ ಕೆಟ್ಟರೆ ಮೂವರ ತಲೇನೂ ತೆಗೆಸ್ತೀನಿ ಅಂದನಂತೆ ಖಾನ.

ಆಮೇಲೆ ಮಿನ್ಸುಲೂನ ಎಳಕೊಂಡು ಬಂದು ಚಿಲಕ ಹಾಕಿದರಂತೆ. ಕಾಲಕೆಳಗಿಂದ ಅಣ್ಣಂದಿರ ನರಳಾಟ ಕೇಳ್ತಿತ್ತಂತೆ. ಪಾಪ, ಹಿಟ್ಟೆಲ್ಲ ಚೆಲ್ಲಿಕೊಂಡು, ಹೆಂಗೋ ಕರಿದಳು. ಜೇನು ಕಾಯಿಸಿ ತಣ್ಣೀರಿಗೊಂದು ಹನಿ ಬಿಟ್ಟು ನೋಡಿದಳು, ಹದ ಸರಿಯಾಗೇ ಇತ್ತಂತೆ. ಆದರೆ ಈ ಕಡೆ ಕಟ್ಟಿದರೆ ಆ ಕಡೆ ಕುಸಿಯೋದು, ಆ ಕಡೆ ಹಿಡಿದರೆ ಈ ಕಡೆ ಗಟ್ಟಿಯಾಗೋದು. ಆಗ ಅವಳಿಗೆ ಅವರಮ್ಮನ ನೆನಪಾಯ್ತಂತೆ. ಅವರಮ್ಮ ಯಾವತ್ತೂ ಒಬ್ಬಳೇ ಇದನ್ನ ಕಟ್ಟಿದ್ದಿಲ್ಲ, ಕೇರಿಯೋರೆಲ್ಲ ಸುತ್ತ ಕೂತು ಕಟ್ಟೋರು.

ಬಾಗಿಲು ಬಡಿದು ಕೂಗಿದಳಂತೆ, ದೊರೆಗಳೇ, ತಲೆ ಬೇಕಾದ್ರೆ ತೆಗೀರಿ, ಇದು ಒಬ್ಬರ ಕೈಲಾಗೋ ಕೆಲಸ ಅಲ್ಲ, ನಮ್ಮಣ್ಣಂದಿರನ್ನ ಬಿಡಿ!

ಖಾನ ಕತ್ತಿ ಹಿರಕೊಂಡೇ ಒಳಗೆ ಬಂದನಂತೆ. ಅವಳು ಅಲ್ಲೇ ಮುದುರಿಕೊಂಡು ಕಣ್ಣು ಮುಚ್ಚಿದಳು. ಅಷ್ಟರಲ್ಲಿ ಗಲಾಟೆ ಕೇಳಿ ಮದುವಣಗಿತ್ತಿ ಗೌಹರ್ ಓಡಿಬಂದು ನಡುವೆ ನಿಂತಳಂತೆ. ಅಪ್ಪಾ, ನಿಂಗೆ ವಿಷದ ಭಯ ತಾನೇ ಅಂದವಳೇ, ಬಿಸಿಬಿಸಿ ಚಕ್‌ಚಕ್ ಒಂದು ಹಿಡಿ ಬಾಯಿಗೆ ಹಾಕ್ಕೊಂಡುಬಿಟ್ಟಳು.

ಖಾನ ಅವಳ ಕೈ ಹಿಡಿಯೋಕೆ ಹೋದನಂತೆ. ಕತ್ತಿ ಕೆಳಗೆ ಬಿತ್ತು. ಅವಳು ಅಗಿದಳು, ನುಂಗಿದಳು. ಅವನು, ಮಗಳೇ, ಮಾತಾಡೇ, ಮಾತಾಡೇ ಅಂತ ಗೋಗರೆದನಂತೆ.

ಚೆನ್ನಾಗಿದೆ, ನೆಲಮಾಳಿಗೆ ಬಾಗಿಲು ತೆಗೆಸು, ಇಲ್ಲಾಂದ್ರೆ ನಂಗೆ ಮದುವೇನೇ ಬೇಡ ಅಂದಳಂತೆ.

ಅಣ್ಣಂದಿರು ಕುಂಟಿಕೊಂಡು ಮೇಲೆ ಬಂದರು, ತಂಗೀನ ತಬ್ಬಿಕೊಂಡು ಅತ್ತರಂತೆ. ಆಮೇಲೆ ಜೇನು ಮತ್ತೆ ಬಿಸಿ ಮಾಡಿ, ಎಲ್ಲರೂ ಕೈ ತಣ್ಣೀರಲ್ಲಿ ಅದ್ದಿಕೊಂಡು ಗುಡ್ಡ ಕಟ್ಟಿದರಂತೆ. ಖಾನನೇ ಮಂಡಿಯೂರಿ ತಟ್ಟೆ ಹಿಡಕೊಂಡನಂತೆ. ಮದುವೆ ಆಯ್ತು, ಮೂವರೂ ಮನೆ ಸೇರಿ ಸುಖವಾಗಿದ್ದರಂತೆ. ಅಲ್ಲಿಗೆ ಅವರ ಹೆದರಿಕೇನೂ ಮುಗೀತು, ನನ್ನ ಕತೇನೂ ಮುಗೀತು, ಇನ್ನು ಕಣ್ಣು ಮುಚ್ಚು ನನ್ನ ಕಂದಾ.