ಚೊಕ್ಕಗಾಲನ ಹಾದಿ

೨೦೧೪ರ ಏಪ್ರಿಲ್ ೧೭, ಗುರುವಾರ. ಹಿಂದಿನ ಸಂಜೆ ಅಶ್ವಿನಿ ಮಳೆ ಸುರಿದು ನಿಂತಿತ್ತು. ಮೋಡ ಇನ್ನೂ ಕರಗಿರಲಿಲ್ಲ, ಗಾಳಿಯೂ ಇರಲಿಲ್ಲ. ಸೋರೆಪಾಳ್ಯದ ಮನೆಗಳಿಗೂ ಅಲ್ಲಿಯ ಹಳೆಯ ಚರ್ಚಿಗೂ ನಡುವೆ ಕೆರೆಯ ಕೋಡಿನೀರು ನಿಲ್ಲುವ ಒಂದು ಜೌಗು ಇದೆ. ಅದರ ಮೇಲೆ ಒಬ್ಬರು ನಡೆಯುವಷ್ಟು ಅಗಲಕ್ಕೆ ಚಪ್ಪಡಿ ಹಾಸಿದೆ. ಜನ ಅದನ್ನು ಚೊಕ್ಕಗಾಲನ ಹಾದಿ ಎನ್ನುತ್ತಾರೆ. ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದ ನೆನಪಿಗೆ ಪ್ರತಿವರ್ಷ ಈಸ್ಟರಿಗೆ ಮುಂಚಿನ ಈ ಗುರುವಾರ ಪಾದ್ರಿಗಳು ಊರಿನ ಹನ್ನೆರಡು ಮಂದಿಯ ಕಾಲು ತೊಳೆಯುತ್ತಾರೆ. ಆ ಹನ್ನೆರಡು ಮಂದಿ ಮಾತ್ರ ಚಪ್ಪಡಿ ಬಿಟ್ಟು ಕೆಸರಿಗಿಳಿದು ಹೋಗುತ್ತಿದ್ದರು. ಅವರಲ್ಲೊಬ್ಬರಾದ ಉಪದೇಶಿ ದೇವಸಹಾಯಪ್ಪ ಪಂಚೆ ಎತ್ತಿಕೊಂಡು, "ನೀವು ಕಲ್ಲಿನ ಮೇಲೇ ಬನ್ನಿ ಸಾರ್, ಬೂಟ್ಸು ಹೊಸದು," ಎಂದು ನನ್ನನ್ನು ನೋಡಿ ನಕ್ಕರು. ದಾರಿಯುದ್ದಕ್ಕೂ ಅವರು ಹೇಳಿದ ಕಥೆ ಇದು.

ಹಿಂದೆ ಒಮ್ಮೆ, ಈ ಕಲ್ಲುಗಳು ಇಲ್ಲದ ಕಾಲದಲ್ಲಿ, ಊರಿಗೊಬ್ಬ ಗೌಡನಿದ್ದ. ದಾನಿ, ಭಕ್ತ, ಆದರೆ ಅದನ್ನು ನಾಲ್ಕು ಜನ ಕೊಂಡಾಡದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಕಾಲು ತೊಳೆಸಿಕೊಳ್ಳುವವರ ಸಾಲಿನಲ್ಲಿ ಮೊದಲನೆಯದು ಸಂತ ರಾಯಪ್ಪರ, ಅಂದರೆ ಪೇತ್ರರ ಪೀಠ. ಅದು ಪ್ರತಿವರ್ಷ ಅವನದೇ. ಒಂದು ವರ್ಷ ಬಿಷಪರೇ ಬರುವರೆಂದೂ, ಪೀಠದಲ್ಲಿ ಕೂತವರನ್ನು ಹೆಸರು ಹಿಡಿದು ಕರೆಯುವರೆಂದೂ ಸುದ್ದಿಯಾಯಿತು. ಸುತ್ತಲ ಹಳ್ಳಿಗಳೆಲ್ಲ ನೆರೆದವು. ಗೌಡ ಸೀಗೆಪುಡಿ ಹಚ್ಚಿ ಪಾದ ಉಜ್ಜಿಸಿಕೊಂಡು, ಕೆಸರು ತಾಗದಿರಲೆಂದು ಆಳು ಇನ್ನಾಸನ ಹೆಗಲೇರಿ ಎಲ್ಲರಿಗಿಂತ ತಡವಾಗಿ ಹೊರಟ. ಜೌಗಿನ ನಡುವೆ ಕುಂಬಾರರ ಮುದುಕಿ ಮದಲೇನಮ್ಮ ಸೊಂಟದವರೆಗೆ ಹೂತುಹೋಗಿದ್ದಳು. ಆ ದಿನದ ಕಾಲ್ತೊಳೆಗೆಂದೇ ತಾನು ಮಾಡಿದ ಹೊಸ ಮಣ್ಣಿನ ಬಾನಿ ಅವಳ ತಲೆಯ ಮೇಲಿತ್ತು.

"ಗೌಡ್ರೇ, ಚೂರು ಇಳೀರಿ. ಅಜ್ಜೀನ ಎಳೆದುಬಿಡ್ತೀನಿ," ಎಂದ ಇನ್ನಾಸ.

"ಇಲ್ಲಿಳಿದು ಎಮ್ಮೆ ಹಾಗೆ ಬಿಷಪರ ಮುಂದೆ ಕೂತ್ಕೊಳ್ಳಲೇನೋ? ಮೊದಲು ನನ್ನನ್ನ ಚರ್ಚಿನ ಬಾಗಿಲಿಗೆ ಮುಟ್ಟಿಸು. ಆಮೇಲೆ ಬಂದು ಎತ್ತು."

"ಬೇಗ ಬಾರೋ ಮಗಾ," ಎಂದಳಂತೆ ಮುದುಕಿ. "ಬಾನಿ ಒಡೆದೀತು."

ಬಾನಿ ಬಾರದ್ದರಿಂದ ಹಳೆಯ ತಪ್ಪಲೆಯನ್ನೇ ಇಟ್ಟರು. ಬಿಷಪರು ಮೊಣಕಾಲೂರಿ ಗೌಡನನ್ನು ಹೆಸರಿನಿಂದ ಕರೆದು ಪಾದಕ್ಕೆ ನೀರು ಸುರಿದರು. ಸುರಿದ ನೀರು ಸುರಿದಷ್ಟೇ ತಿಳಿಯಾಗಿ ಕೆಳಗಿಳಿಯಿತು. ಉಳಿದ ಹನ್ನೊಂದು ಮಂದಿಯ ಕಾಲುಗಳಲ್ಲಿ ಕೆಸರು ಒಣಗುತ್ತಿತ್ತು. ಬಿಷಪರು ತಲೆಯೆತ್ತಿ, "ನೀವು ಬೇರೆ ದಾರಿಯಲ್ಲಿ ಬಂದಿರಾ?" ಎಂದು ಕೇಳಿದರು. ಅಷ್ಟೇ ಕೇಳಿದರು. ಆ ಹೊತ್ತಿಗೆ ಇನ್ನಾಸ ಬಾಗಿಲಲ್ಲಿ ಬಂದು ನಿಂತ. ಎದೆಯವರೆಗೆ ಕೆಸರು, ಕೈಯಲ್ಲಿ ಬಾನಿ ಮಾತ್ರ.

ಅಂದೇ ಊರ ಹೆಂಗಸರು ಗೌಡನಿಗೆ ಚೊಕ್ಕಗಾಲ ಎಂದು ಹೆಸರಿಟ್ಟರು. ಬೀದಿಯ ಮಕ್ಕಳು ಹಾಗೆ ಕೂಗಿದರೂ ಅವನು ತಲೆ ತಗ್ಗಿಸಿ ಓಗೊಡುತ್ತಿದ್ದ. ಕಡೆಗೆ ಬೇರೆ ಹೆಸರಿನಿಂದ ಕರೆದರೆ ತಿರುಗಿಯೇ ನೋಡುತ್ತಿರಲಿಲ್ಲ. ಮತ್ತೆ ಆ ಪೀಠದಲ್ಲಿ ಕೂರಲಿಲ್ಲ. ಬರಿಗಾಲಲ್ಲಿ ಜೌಗಿಗಿಳಿದು, ಮುಪ್ಪಿನವರೆಗೂ ತಾನೇ ಕಲ್ಲು ಹೊತ್ತು ಈ ಹಾದಿಯನ್ನು ಹಾಸಿದ. ಪಾದ್ರಿಗಳು ಕಲ್ಲಿನ ಮೇಲೆ ಅವನ ಹೆಸರು ಕೆತ್ತಿಸೋಣವೆಂದಾಗ ಬೇಡವೆಂದು ಕೈಮುಗಿದ. ನವೆಂಬರಿನ ಸತ್ತವರ ಹಬ್ಬದಲ್ಲಿ ಮನೆಮನೆಯ ಹಿರಿಯರ ಹೆಸರು ಕೂಗಿ ಪ್ರಾರ್ಥಿಸುವಾಗ, ತನ್ನ ಹೆಸರಿನ ಜಾಗದಲ್ಲಿ ಮದಲೇನಮ್ಮನ ಹೆಸರು ಹೇಳಬೇಕೆಂದು ಮನೆಯವರಿಂದ ಮಾತು ತೆಗೆದುಕೊಂಡ ಎನ್ನುತ್ತಾರೆ.

ಚರ್ಚಿನ ಬಾಗಿಲು ಬಂದಿತ್ತು. ಒಳಗೆ ಆ ಬಾನಿ ಕಾಣುತ್ತಿತ್ತು, ಕಂಠದ ಬಳಿ ಸಣ್ಣ ಬಿರುಕು. ಈಗಲೂ ಅದರಲ್ಲೇ ತೊಳೆಯುತ್ತಾರೆ. ಗೌಡರ ನಿಜವಾದ ಹೆಸರೇನು ಎಂದು ನಾನು ಕೇಳಿದೆ.

ದೇವಸಹಾಯಪ್ಪ ತಮ್ಮ ಪಾದಗಳ ಕೆಸರನ್ನು ನೋಡುತ್ತ ನಿಂತರು. "ನಮ್ಮ ಮುತ್ತಾತನ ಅಪ್ಪ ಅವರು. ನವೆಂಬರಿನಲ್ಲಿ ನಮ್ಮ ಮನೆಯಿಂದ ಮೊದಲು ಕೂಗೋದು ಮದಲೇನಮ್ಮ ಅಂತ. ಅವರ ಹೆಸರು ನಮಗೂ ಗೊತ್ತಿಲ್ಲ ಸಾರ್."